ದೇವರ ನಿಂದನೆಗೆ ಜಿನೀವಾದಲ್ಲಿ ದೂರು ಕೊಡಬಹುದೇ?

ಪ್ರಶ್ನೆ: ನಮ್ಮದು ತೀರ್ಥಹಳ್ಳಿ ತಾಲ್ಲೂಕಿನ ಒಂದು ಊರು. ಯುರೋಪಿನಲ್ಲಿ ಕೂತು ಯಾರೋ ಮಾಡಿದ ವಿಡಿಯೊದಲ್ಲಿ ನಾವು ಪೂಜಿಸುವ ದೇವಿಯನ್ನು ತೀರಾ ಕೀಳಾಗಿ ತೋರಿಸಿದ್ದಾರೆ. ಜಾತ್ರೆಗೆ ಮೂರು ವಾರ ಇದೆ ಅನ್ನುವಾಗ ಅದು ನಮ್ಮ ವಾಟ್ಸಾಪ್ ಗ್ರೂಪಿಗೂ ಬಂತು. ಹಾಕಿದವರು ನಮ್ಮ ಪೇಟೆಯವರೇ. ಕೆಳಗೆ ಹೀಗೆ ಬರೆದಿದ್ದರು: ‘ಇದನ್ನ ಮಾಡಿದವರ ಜನ ನಮ್ಮೂರಲ್ಲೂ ಇದಾರೆ. ಜಾತ್ರೇಲಿ ಅವರ ಅಂಗಡಿ ಒಂದೂ ಏಳಬಾರದು. ಎದ್ದರೆ ಏನು ಮಾಡಬೇಕು ಅಂತ ನಿಮಗೆ ಗೊತ್ತಲ್ಲ.’ ಸಮಿತಿಯ ಹುಡುಗರು ವಿಡಿಯೊ ಮಾಡಿದವರ ಮೇಲೆ ವಿಶ್ವಸಂಸ್ಥೆಗೆ, ಅಂತರರಾಷ್ಟ್ರೀಯ ಕೋರ್ಟಿಗೆ ದೂರು ಕೊಡೋಣ ಎನ್ನುತ್ತಿದ್ದಾರೆ. ಅಂಥ ಕಾನೂನು ಇದೆಯೇ? ಇಲ್ಲದಿದ್ದರೆ ನಾವು ಏನು ಮಾಡಬೇಕು?

ಉತ್ತರ: ಧರ್ಮವನ್ನೋ ದೇವರನ್ನೋ ನಿಂದಿಸಿದರು ಎಂಬಷ್ಟೇ ಕಾರಣಕ್ಕೆ ಅದು ಅಂತರರಾಷ್ಟ್ರೀಯ ಕಾನೂನಿನಲ್ಲಿ ಅಪರಾಧವಾಗುವುದಿಲ್ಲ. ನಿಮ್ಮ ದೇವಸ್ಥಾನದ ಸಮಿತಿ ಹೋಗಿ ಅಹವಾಲು ಹೇಳಿಕೊಳ್ಳಬಹುದಾದ ಕೋರ್ಟು ದೇಶದ ಹೊರಗೆ ಎಲ್ಲೂ ಇಲ್ಲ. ಆದರೆ ನಿಮ್ಮ ಪತ್ರದಲ್ಲಿ ಎರಡು ಸಂಗತಿಗಳು ಒಂದಕ್ಕೊಂದು ಸೇರಿಕೊಂಡಿವೆ: ವಿಡಿಯೊ ಒಂದು, ಅದರ ಕೆಳಗಿನ ಮೂರು ಸಾಲು ಇನ್ನೊಂದು. ನಿಮ್ಮ ಹುಡುಗರಿಗೆ ಸಿಟ್ಟಿರುವುದು ವಿಡಿಯೊ ಮೇಲೆ. ಕಾನೂನು, ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಕಚೇರಿಗಳಿರುವ ಜಿನೀವಾದ್ದಿರಲಿ ನಮ್ಮದಿರಲಿ, ಹೆಚ್ಚು ಗಂಭೀರವಾಗಿ ನೋಡುವುದು ಆ ಮೂರು ಸಾಲುಗಳನ್ನು. ಹೀಗೇಕೆ ಎಂಬುದು ಅರ್ಥವಾದರೆ ದೂರು ಎಲ್ಲಿ, ಯಾರ ಮೇಲೆ, ಹೇಗೆ ಬರೆಯಬೇಕು ಎಂಬುದೂ ತಿಳಿಯುತ್ತದೆ.

ಮೊದಲು ಕೋರ್ಟುಗಳ ವಿಚಾರ. ಹೇಗ್ ನಗರದಲ್ಲಿರುವ ಅಂತರರಾಷ್ಟ್ರೀಯ ನ್ಯಾಯಾಲಯದಲ್ಲಿ ಕಕ್ಷಿದಾರರಾಗಲು ದೇಶಗಳಿಗೆ ಮಾತ್ರ ಅವಕಾಶ. ಅದರ ಶಾಸನದ 34ನೇ ವಿಧಿ ಇದನ್ನು ಸ್ಪಷ್ಟವಾಗಿ ಹೇಳುತ್ತದೆ. ವ್ಯಕ್ತಿ, ಟ್ರಸ್ಟು, ಮಠ, ಮಸೀದಿ, ಚರ್ಚು ಯಾವುದಕ್ಕೂ ಅಲ್ಲಿ ಪ್ರವೇಶವಿಲ್ಲ. ಅದೇ ಊರಿನ ಅಂತರರಾಷ್ಟ್ರೀಯ ಕ್ರಿಮಿನಲ್ ನ್ಯಾಯಾಲಯ 1998ರ ರೋಮ್ ಶಾಸನದಿಂದ ಹುಟ್ಟಿ 2002ರ ಜುಲೈ 1ರಂದು ಅಸ್ತಿತ್ವಕ್ಕೆ ಬಂದದ್ದು. ಭಾರತ ಅದಕ್ಕೆ ಸೇರಿಲ್ಲ. ಸೇರಿದ್ದರೂ ಅದು ವಿಚಾರಿಸುವುದು ನರಮೇಧ, ಮಾನವತೆಯ ವಿರುದ್ಧದ ಅಪರಾಧ, ಯುದ್ಧಾಪರಾಧ, ಆಕ್ರಮಣ ಈ ನಾಲ್ಕನ್ನು. ನರಮೇಧಕ್ಕೆ ಬಹಿರಂಗವಾಗಿ ಪ್ರಚೋದಿಸಿದವರನ್ನು ಅದು ಶಿಕ್ಷಿಸಬಲ್ಲದು, ದೇವರನ್ನು ಬೈದವರನ್ನಲ್ಲ.

ಜಿನೀವಾದಲ್ಲಿ ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಸಮಿತಿ ಎಂಬ ತಜ್ಞರ ಸಮಿತಿಯೊಂದಿದೆ. ವ್ಯಕ್ತಿಗಳ ದೂರನ್ನು ಅದು ಸ್ವೀಕರಿಸುತ್ತದೆ, ಆದರೆ ಐಚ್ಛಿಕ ಪ್ರೋಟೊಕಾಲ್ ಎಂಬ ಪ್ರತ್ಯೇಕ ಒಪ್ಪಂದಕ್ಕೆ ಸೇರಿದ ದೇಶಗಳ ವಿರುದ್ಧ ಮಾತ್ರ. ಭಾರತ ಅದಕ್ಕೂ ಸೇರಿಲ್ಲ. ಉಳಿಯುವುದು ವಿಶ್ವಸಂಸ್ಥೆಯ ಧಾರ್ಮಿಕ ಸ್ವಾತಂತ್ರ್ಯದ ವಿಶೇಷ ವರದಿಗಾರರು. ಈ ಹುದ್ದೆ 1986ರಿಂದ ಇದೆ. ಇವರಿಗೆ ಯಾರು ಬೇಕಾದರೂ ಬರೆಯಬಹುದು, ಶುಲ್ಕವಿಲ್ಲ, ವಕೀಲರೂ ಬೇಡ. ಆದರೆ ಅವರು ಮಾಡುವುದು ಸಂಬಂಧಪಟ್ಟ ಸರ್ಕಾರಕ್ಕೆ ಪತ್ರ ಬರೆದು ವಿವರಣೆ ಕೇಳುವುದು, ಬಳಿಕ ಪತ್ರ ಮತ್ತು ಉತ್ತರ ಎರಡನ್ನೂ ಪ್ರಕಟಿಸುವುದು. ಒಂದು ಸಮುದಾಯದ ಪೂಜೆಯನ್ನು ಸರ್ಕಾರವೇ ತಡೆದರೆ, ದಾಳಿ ನಡೆದರೂ ಪೊಲೀಸರು ಸುಮ್ಮನಿದ್ದರೆ ಆ ದಾರಿ ಉಪಯೋಗಕ್ಕೆ ಬರುತ್ತದೆ. ಒಬ್ಬ ಖಾಸಗಿ ವ್ಯಕ್ತಿಯ ವಿಡಿಯೊ ಹಿಡಿದುಕೊಂಡು ಹೋದರೆ ಅವರು ಮಾಡಬಹುದಾದ್ದು ಹೆಚ್ಚೇನಿಲ್ಲ.

ಇನ್ನು ಕಾನೂನಿನ ತಿರುಳು. ನಾಗರಿಕ ಮತ್ತು ರಾಜಕೀಯ ಹಕ್ಕುಗಳ ಅಂತರರಾಷ್ಟ್ರೀಯ ಒಡಂಬಡಿಕೆ 1966ರಲ್ಲಿ ಅಂಗೀಕಾರವಾಗಿ 1976ರಲ್ಲಿ ಜಾರಿಗೆ ಬಂತು. ಭಾರತ 1979ರ ಏಪ್ರಿಲ್‌ನಲ್ಲಿ ಸೇರಿತು. ಅದರಲ್ಲಿ ಮೂರು ವಿಧಿಗಳನ್ನು ಒಟ್ಟಿಗೆ ಓದಬೇಕು. 18ನೆಯದು ನಂಬುವ, ಆಚರಿಸುವ, ನಂಬದಿರುವ ಸ್ವಾತಂತ್ರ್ಯ ಕೊಡುತ್ತದೆ. 19ನೆಯದು ಮಾತಿನ ಸ್ವಾತಂತ್ರ್ಯ ಕೊಟ್ಟು, ಇತರರ ಹಕ್ಕು, ಸಾರ್ವಜನಿಕ ಸುವ್ಯವಸ್ಥೆ ಮುಂತಾದ ಕಾರಣಗಳಿಗಾಗಿ, ಕಾನೂನಿನ ಮೂಲಕ, ಅಗತ್ಯ ಇರುವಷ್ಟೇ ಮಿತಿ ಹಾಕಲು ಬಿಡುತ್ತದೆ. 20ನೇ ವಿಧಿಯ 2ನೇ ಖಂಡ ಮಾತ್ರ ದೇಶಗಳಿಗೆ ಅಪ್ಪಣೆಯನ್ನೇ ಕೊಡುತ್ತದೆ: ಧಾರ್ಮಿಕ ದ್ವೇಷವನ್ನು ಬಿತ್ತಿ ತಾರತಮ್ಯಕ್ಕೆ, ಹಗೆತನಕ್ಕೆ, ಹಿಂಸೆಗೆ ಪ್ರಚೋದಿಸುವುದನ್ನು ಕಾನೂನಿನಿಂದ ನಿಷೇಧಿಸಲೇಬೇಕು. ಇಲ್ಲಿ ರಕ್ಷಣೆ ಸಿಗುವುದು ಮನುಷ್ಯರಿಗೆ. ಸಿದ್ಧಾಂತಕ್ಕೆ, ಗ್ರಂಥಕ್ಕೆ, ವಿಗ್ರಹಕ್ಕೆ ಗೌರವ ಕೊಡಿ ಎಂದು ಒಡಂಬಡಿಕೆ ಯಾರನ್ನೂ ಕಟ್ಟಿಹಾಕುವುದಿಲ್ಲ. ಅವುಗಳನ್ನು ನಂಬಿದ್ದಾರೆ ಎಂಬ ಕಾರಣಕ್ಕೆ ಒಬ್ಬರ ಅಂಗಡಿ, ಮನೆ, ಮೈ ಮೇಲೆ ಕೈಮಾಡಲು ಜನರನ್ನು ಎಬ್ಬಿಸಬೇಡಿ ಎನ್ನುತ್ತದೆ.

ಇದನ್ನು ಬದಲಿಸುವ ಪ್ರಯತ್ನ ನಡೆಯದೇ ಇಲ್ಲ. 1999ರಲ್ಲಿ ಇಸ್ಲಾಮಿಕ್ ಸಹಕಾರ ಸಂಘಟನೆಯ ಪರವಾಗಿ ಪಾಕಿಸ್ತಾನ ವಿಶ್ವಸಂಸ್ಥೆಯಲ್ಲಿ ಒಂದು ನಿರ್ಣಯ ತಂದಿತು. ಅದು ‘ಧರ್ಮಗಳ ಮಾನಹಾನಿ’ ಎಂಬ ಹೆಸರಿನಲ್ಲಿ ಅಂಗೀಕಾರವಾಗಿ ಮುಂದಿನ ಹತ್ತು ವರ್ಷ ಮತ್ತೆ ಮತ್ತೆ ಬಂತು. ಬೆಂಬಲ ಮಾತ್ರ ಕರಗುತ್ತಾ ಹೋಯಿತು. 2010ರ ಮಾರ್ಚ್‌ನಲ್ಲಿ, ದೇಶಗಳೇ ಕೂತು ಮತ ಹಾಕುವ ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಮಂಡಳಿಯಲ್ಲಿ 20 ಪರ, 17 ವಿರೋಧ, 8 ತಟಸ್ಥ. ಮಾನಹಾನಿ ಎಂಬುದು ಮನುಷ್ಯರಿಗೆ ಆಗುವಂಥದ್ದು. ಧರ್ಮಕ್ಕೆ ಮಾನಹಾನಿ ಆಯಿತೋ ಇಲ್ಲವೋ ಎಂದು ತೀರ್ಮಾನಿಸಲು ಹೊರಟರೆ ಆ ಧರ್ಮದ ಸರಿಯಾದ ಅರ್ಥ ಯಾವುದು ಎಂದು ನ್ಯಾಯಾಧೀಶರೇ ಹೇಳಬೇಕಾಗುತ್ತದೆ. ಆಗ ಮೊದಲು ಸಿಕ್ಕಿಬೀಳುವವರು ಆ ಧರ್ಮದೊಳಗಿನ ಸುಧಾರಕರು, ಒಳಪಂಗಡದವರು. ಬಳ್ಳಿಗಾವಿ, ಉಡುತಡಿಗಳಲ್ಲಿ ಹುಟ್ಟಿದ ಶರಣರ ಮಾತನ್ನು ಕೇಳಿಕೊಂಡು ಬೆಳೆದ ಈ ಜಿಲ್ಲೆಯವರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ. 2011ರ ಮಾರ್ಚ್‌ನಲ್ಲಿ ಅದೇ ಮಂಡಳಿ ಮಾನಹಾನಿಯ ಮಾತು ಬಿಟ್ಟು 16/18 ಸಂಖ್ಯೆಯ ನಿರ್ಣಯವನ್ನು ಒಮ್ಮತದಿಂದ ಅಂಗೀಕರಿಸಿತು. ಅದರಲ್ಲಿರುವುದು ನಂಬಿಕೆಯ ಕಾರಣಕ್ಕೆ ಜನರ ಮೇಲೆ ನಡೆಯುವ ತಾರತಮ್ಯ, ಹಿಂಸೆ ಮತ್ತು ಅದಕ್ಕೆ ಪ್ರಚೋದನೆ. ಅದೇ ವರ್ಷ ಮಾನವ ಹಕ್ಕುಗಳ ಸಮಿತಿ ತನ್ನ 34ನೇ ಸಾಮಾನ್ಯ ವಿವರಣೆಯ 48ನೇ ಪ್ಯಾರಾದಲ್ಲಿ, ಧರ್ಮಕ್ಕೆ ಅಗೌರವ ತೋರಿದ್ದನ್ನಷ್ಟೇ ಶಿಕ್ಷಿಸುವ ಕಾನೂನು ಒಡಂಬಡಿಕೆಗೆ ಹೊಂದುವುದಿಲ್ಲ, 20(2)ರ ವ್ಯಾಪ್ತಿಗೆ ಬರುವ ಮಾತು ಮಾತ್ರ ಇದಕ್ಕೆ ಹೊರತು ಎಂದಿತು. ಒಂದು ಧರ್ಮಕ್ಕೆ ಹೆಚ್ಚು, ಇನ್ನೊಂದಕ್ಕೆ ಕಡಿಮೆ ರಕ್ಷಣೆ ಕೊಡುವ ಹಾಗಿಲ್ಲ, ಧರ್ಮಗುರುಗಳ ಟೀಕೆಯನ್ನು ಶಿಕ್ಷಿಸುವ ಹಾಗಿಲ್ಲ ಎಂದೂ ಸೇರಿಸಿತು. ಇದು ತಜ್ಞರ ವ್ಯಾಖ್ಯಾನ, ನಮ್ಮ ಕೋರ್ಟುಗಳನ್ನು ಕಟ್ಟಿಹಾಕುವ ತೀರ್ಪಲ್ಲ. ಒಡಂಬಡಿಕೆಗೆ ಸೇರುವಾಗಲೇ ಭಾರತ, 19ನೇ ವಿಧಿಯ ಮಿತಿಗಳನ್ನು ನಮ್ಮ ಸಂವಿಧಾನದ 19ನೇ ವಿಧಿಗೆ ಹೊಂದುವಂತೆ ಅನ್ವಯಿಸುತ್ತೇವೆ ಎಂದು ಘೋಷಿಸಿದೆ.

ಹಾಗಂತ ಚರ್ಚೆ ಮುಗಿದಿಲ್ಲ. ಸ್ವೀಡನ್ನಿನಲ್ಲಿ ಕುರಾನ್ ಸುಟ್ಟ ಪ್ರಕರಣಗಳ ನಂತರ 2023ರ ಜುಲೈನಲ್ಲಿ ಮಂಡಳಿ ಅಂಥ ಕೃತ್ಯಗಳನ್ನು ಖಂಡಿಸುವ ನಿರ್ಣಯವನ್ನು 28–12 ಮತಗಳಿಂದ ಅಂಗೀಕರಿಸಿತು, 7 ದೇಶಗಳು ತಟಸ್ಥವಾಗಿದ್ದವು. ಭಾರತ ಪರವಾಗಿ ಮತ ಹಾಕಿತು. 2017ರಲ್ಲಿ ಧರ್ಮನಿಂದನೆಯ ಕಾನೂನನ್ನೇ ತೆಗೆದುಹಾಕಿದ್ದ ಡೆನ್ಮಾರ್ಕ್, 2023ರ ಡಿಸೆಂಬರ್‌ನಲ್ಲಿ ಧರ್ಮಗ್ರಂಥಗಳನ್ನು ಸಾರ್ವಜನಿಕವಾಗಿ ಅವಮಾನಿಸುವುದರ ವಿರುದ್ಧ ಹೊಸ ಕಾನೂನು ಮಾಡಿತು. ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯದ ತೀರ್ಪುಗಳೂ ಎರಡೂ ಕಡೆ ಇವೆ. 2018ರಲ್ಲಿ ಆಸ್ಟ್ರಿಯಾದ ಮಹಿಳೆಯೊಬ್ಬರಿಗೆ ಪ್ರವಾದಿ ಕುರಿತ ಮಾತಿಗಾಗಿ ಹಾಕಿದ್ದ 480 ಯೂರೊ ದಂಡ ಸರಿ ಎಂದಿತು. 2022ರಲ್ಲಿ ಬೈಬಲ್ ಬರೆದವರ ಬಗ್ಗೆ ಹಗುರವಾಗಿ ಮಾತಾಡಿದ ಪೋಲೆಂಡಿನ ಗಾಯಕಿಗೆ ಹಾಕಿದ್ದ 5,000 ಜ್ಲೋಟಿ ದಂಡ ತಪ್ಪು ಎಂದಿತು. ಯಾರಾದರೂ ಇವುಗಳಲ್ಲಿ ಒಂದನ್ನು ಮಾತ್ರ ಎತ್ತಿಕೊಂಡು ‘ನೋಡಿ, ಅಂತರರಾಷ್ಟ್ರೀಯ ಕಾನೂನೇ ಹೇಳಿದೆ’ ಎಂದರೆ ನಂಬಬೇಡಿ. ಆ ನ್ಯಾಯಾಲಯದ ಮಾತು ನಡೆಯುವುದು ಯುರೋಪಿನ ಸದಸ್ಯ ದೇಶಗಳಲ್ಲಿ ಮಾತ್ರ.

ನಿಮಗೆ ನಿಜಕ್ಕೂ ಉಪಯೋಗವಾಗುವುದು 2012ರ ರಬಾತ್ ಕ್ರಿಯಾ ಯೋಜನೆ. ಮೊರಾಕ್ಕೊದ ರಬಾತ್‌ನಲ್ಲಿ ತಜ್ಞರು ಸೇರಿ, 20(2)ರ ಪ್ರಚೋದನೆಯನ್ನು ಗುರುತಿಸಲು ಆರು ಪ್ರಶ್ನೆ ಕೇಳಿ ಎಂದರು: ಸಂದರ್ಭ ಏನು, ಮಾತಾಡಿದವರು ಯಾರು, ಉದ್ದೇಶ ಏನಿತ್ತು, ಮಾತಿನ ತಿರುಳು ಮತ್ತು ರೂಪ ಹೇಗಿದೆ, ಎಷ್ಟು ಜನಕ್ಕೆ ಮುಟ್ಟಿತು, ಅದರಿಂದ ಹಾನಿ ಆಗುವ ಸಾಧ್ಯತೆ ಎಷ್ಟು ಹತ್ತಿರದಲ್ಲಿದೆ. ಮಾತುಗಳನ್ನು ಮೂರು ಮಟ್ಟದಲ್ಲಿ ಬೇರ್ಪಡಿಸಿ ಎಂದೂ ಹೇಳಿದರು. ಕ್ರಿಮಿನಲ್ ಶಿಕ್ಷೆಗೆ ತಕ್ಕದ್ದು, ಸಿವಿಲ್ ಅಥವಾ ಆಡಳಿತಾತ್ಮಕ ಕ್ರಮ ಸಾಕಾಗುವಂಥದ್ದು, ಯಾವ ಶಿಕ್ಷೆಗೂ ತಕ್ಕದ್ದಲ್ಲದಿದ್ದರೂ ನಾಗರಿಕತೆಗೆ, ಸಹನೆಗೆ ಕುಂದು ತರುವಂಥದ್ದು.

ಈ ಆರನ್ನು ನಿಮ್ಮ ಗ್ರೂಪಿಗೆ ಬಂದದ್ದರ ಮೇಲೆ ಇಟ್ಟು ನೋಡಿ. ವಿಡಿಯೊ ಮಾಡಿದವರು ಸಾವಿರಾರು ಕಿಲೋಮೀಟರ್ ದೂರದಲ್ಲಿದ್ದಾರೆ. ನಿಮ್ಮ ಪೇಟೆಯ ಹೆಸರೂ ಅವರಿಗೆ ಗೊತ್ತಿರಲಾರದು. ಮಾತು ಕೊಳಕಾಗಿದೆ, ಭಕ್ತರಿಗೆ ನೋವಾಗಿದೆ. ಆದರೆ ಭಕ್ತರನ್ನು ಹೊಡೆಯಿರಿ, ಬಹಿಷ್ಕರಿಸಿ ಎಂದು ಅದು ಯಾರಿಗೂ ಹೇಳುತ್ತಿಲ್ಲ ಅಂತಾದರೆ ರಬಾತ್ ಲೆಕ್ಕದಲ್ಲಿ ಅದು ಮೂರನೇ ಮಟ್ಟದ್ದು, ಹೆಚ್ಚೆಂದರೆ ಎರಡನೆಯದು. ಈಗ ಕೆಳಗಿನ ಸಾಲುಗಳಿಗೆ ಬನ್ನಿ. ಸಂದರ್ಭ: ಜಾತ್ರೆಗೆ ಮೂರು ವಾರ, ಊರಿಗೆ ಊರೇ ಸೇರುವ ಹೊತ್ತು. ಮಾತಾಡಿದವರು: ಪೇಟೆಯವರೇ. ಅವರ ಮಾತು ಕೇಳುವ ಹುಡುಗರ ಗುಂಪು ಇದೆಯೇ ಎಂಬುದು ಇಲ್ಲಿ ಮುಖ್ಯ. ಉದ್ದೇಶ: ವಿಡಿಯೊ ಮಾಡಿದವರಿಗೂ ನಿಮ್ಮೂರಿನ ಅಂಗಡಿಯವರಿಗೂ ಏನೇನೂ ಸಂಬಂಧ ಇಲ್ಲದಿದ್ದರೂ ‘ಅವರ ಜನ ಇಲ್ಲೂ ಇದಾರೆ’ ಎಂದು ಬೇಕೆಂದೇ ಗಂಟು ಹಾಕಿದ್ದಾರೆ. ತಿರುಳು: ‘ಒಂದೂ ಏಳಬಾರದು’ ಎಂಬುದು ನೇರ ಕರೆ. ‘ಏನು ಮಾಡಬೇಕು ಅಂತ ಗೊತ್ತಲ್ಲ’ ಎಂಬಲ್ಲಿ ಹೊಡೆಯಿರಿ ಎಂಬ ಮಾತಿಲ್ಲ, ಆದರೆ ಓದಿದ ಒಬ್ಬರಿಗೂ ಅರ್ಥವಾಗದೆ ಉಳಿದಿಲ್ಲ. ವ್ಯಾಪ್ತಿ: ಗ್ರೂಪಿನಲ್ಲಿ ಎಷ್ಟು ಜನ, ಎಷ್ಟು ಗ್ರೂಪಿಗೆ ಹೋಯಿತು. ಮೆಸೇಜಿನ ಮೇಲೆ ಎರಡು ಬಾಣದ ಗುರುತು ಇದ್ದರೆ ಅದು ಕನಿಷ್ಠ ಐದು ಕೈ ದಾಟಿ ಬಂದಿದೆ ಎಂದರ್ಥ. ಸಾಧ್ಯತೆ: ಜಾಗ ಗೊತ್ತು, ದಿನ ಗೊತ್ತು, ಗುರಿ ಯಾರು ಎಂದೂ ಗೊತ್ತು. ಗಲಾಟೆ ನಡೆದೇ ಹೋಗಿರಬೇಕು ಎಂದೇನೂ ಇಲ್ಲ, ನಡೆಯುವ ಸಂಭವ ಸ್ಪಷ್ಟವಾಗಿದ್ದರೆ ಸಾಕು. ವಿಡಿಯೊಗಿಂತ ಈ ಮೂರು ಸಾಲು ಏಕೆ ಹೆಚ್ಚು ಭಾರ ಎಂಬುದು ಈಗ ಕಾಣುತ್ತದೆ.

ಮುಜರಾಯಿ ದೇವಸ್ಥಾನಗಳ ಬಳಿಯ ಜಾಗವನ್ನು ಹಿಂದೂಗಳಲ್ಲದವರಿಗೆ ಗುತ್ತಿಗೆ ಕೊಡುವಂತಿಲ್ಲ ಎಂಬ 2002ರ ನಿಯಮಾವಳಿಯ 31ನೇ ನಿಯಮವನ್ನು ನಿಮ್ಮ ಸಮಿತಿಯಲ್ಲಿ ಯಾರಾದರೂ ಈಗ ಎತ್ತಬಹುದು. ಅದರ ಸುತ್ತ 2022ರಲ್ಲಿ ಶಿವಮೊಗ್ಗವೂ ಸೇರಿ ಹಲವೆಡೆ ಸಾಕಷ್ಟು ವಾದ ನಡೆದಿದೆ. ಆ ನಿಯಮದ ಅರ್ಥ ಏನು, ಜಾತ್ರೆಯ ದಿನದ ಅಂಗಡಿಗೂ ಅದು ಅನ್ವಯಿಸುತ್ತದೆಯೇ ಎಂಬುದನ್ನು ಇಲಾಖೆಯೊಂದಿಗೆ, ಕೋರ್ಟಿನಲ್ಲಿ ಮಾತಾಡಿಕೊಳ್ಳಬೇಕು. ಬೆದರಿಕೆ ಹಾಕಿದವರಿಗೆ ಅದು ಗುರಾಣಿಯಾಗುವುದಿಲ್ಲ.

ನಮ್ಮ ಕಾನೂನು ಜಿನೀವಾದ ತಜ್ಞರಿಗಿಂತ ಒಂದು ಹೆಜ್ಜೆ ಬಿಗಿ. 1927ರಲ್ಲಿ ಲಾಹೋರಿನ ಒಂದು ಪುಸ್ತಕದ ಪ್ರಕರಣದಲ್ಲಿ ಪ್ರಕಾಶಕರ ಬಿಡುಗಡೆಯಾದ ಮೇಲೆ ಭಾರತೀಯ ದಂಡ ಸಂಹಿತೆಗೆ 295ಎ ಕಲಂ ಸೇರಿತು. 2024ರ ಜುಲೈ 1ರಿಂದ ಅದೇ ಭಾರತೀಯ ನ್ಯಾಯ ಸಂಹಿತೆಯ 299ನೇ ಕಲಂ ಆಗಿದೆ. ಒಂದು ವರ್ಗದ ಧಾರ್ಮಿಕ ಭಾವನೆಯನ್ನು ಕೆರಳಿಸಲೆಂದೇ, ಬುದ್ಧಿಪೂರ್ವಕವಾಗಿ ಮತ್ತು ದುರುದ್ದೇಶದಿಂದ ಧರ್ಮವನ್ನು ಅವಮಾನಿಸಿದರೆ ಮೂರು ವರ್ಷದವರೆಗೆ ಜೈಲು, ದಂಡ, ಅಥವಾ ಎರಡೂ. ಜಾಮೀನುರಹಿತ. ಬುದ್ಧಿಪೂರ್ವಕ, ದುರುದ್ದೇಶ ಈ ಎರಡೂ ಬೇಕು, ಒಂದಿದ್ದರೆ ಸಾಲದು. 1957ರಲ್ಲಿ ರಾಮ್‌ಜಿ ಲಾಲ್ ಮೋದಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಐವರ ಪೀಠ ಈ ಕಲಮನ್ನು ಎತ್ತಿಹಿಡಿದದ್ದೇ, ಇದು ಉಗ್ರ ರೂಪದ ಅವಮಾನವನ್ನು ಮಾತ್ರ ಶಿಕ್ಷಿಸುತ್ತದೆ ಎಂಬ ಕಾರಣಕ್ಕೆ. ಅಜಾಗರೂಕತೆಯಿಂದ ಆಡಿದ ಮಾತಿಗೆ ಇದು ಅನ್ವಯವಾಗದು. ವಿಷ್ಣುವಿನ ರೂಪದಲ್ಲಿ ಪತ್ರಿಕೆಯ ಮುಖಪುಟದಲ್ಲಿ ಕಾಣಿಸಿಕೊಂಡ ಕ್ರಿಕೆಟಿಗ ಧೋನಿ ಮೇಲಿನ ಪ್ರಕರಣವನ್ನು ಸುಪ್ರೀಂ ಕೋರ್ಟ್ 2017ರಲ್ಲಿ ರದ್ದು ಮಾಡಿದ್ದು ಇದೇ ಕಾರಣಕ್ಕೆ.

ನಿಮ್ಮ ಮೂರು ಸಾಲಿಗೆ ಸರಿಯಾಗಿ ಕೂರುವುದು ಅದೇ ನ್ಯಾಯ ಸಂಹಿತೆಯ 196ನೇ ಕಲಂ. ಧರ್ಮದ ಆಧಾರದಲ್ಲಿ ಗುಂಪುಗಳ ನಡುವೆ ಹಗೆತನ ಬೆಳೆಸುವುದಕ್ಕೆ ಮೂರು ವರ್ಷದವರೆಗೆ, ಪೂಜಾಸ್ಥಳದಲ್ಲಿ ಮಾಡಿದರೆ ಐದು ವರ್ಷದವರೆಗೆ ಶಿಕ್ಷೆ. ಸುಳ್ಳು ಸುದ್ದಿ ಹಬ್ಬಿಸಿ ಹಗೆತನ ಹುಟ್ಟಿಸಿದರೆ 353(2). ಎದುರೆದುರು ನಿಂತು ಭಾವನೆ ನೋಯಿಸುವ ಮಾತಾಡಿದ್ದಾದರೆ 302. ಇದು ಅಸಂಜ್ಞೇಯ, ಮ್ಯಾಜಿಸ್ಟ್ರೇಟರ ಅಪ್ಪಣೆ ಇಲ್ಲದೆ ಪೊಲೀಸರು ತನಿಖೆಗೆ ಇಳಿಯುವಂತಿಲ್ಲ.

ಈಗ ಮಾಡಬೇಕಾದ ಕೆಲಸ. ಮೊದಲು ಸಾಕ್ಷ್ಯ, ಆಮೇಲೆ ಸಿಟ್ಟು. ಬಹುತೇಕ ದೂರುಗಳು ಬಿದ್ದುಹೋಗುವುದು ಇಲ್ಲೇ. ವಾಟ್ಸಾಪಿನಲ್ಲಿ ಮೆಸೇಜು ತಲುಪಿದ ಮೇಲೆ ಅದರ ಒಕ್ಕಣೆ ಕಂಪನಿಯ ಸರ್ವರಿನಲ್ಲಿ ಉಳಿಯುವುದಿಲ್ಲ, ಹಾಗಾಗಿ ಮೆಸೇಜು ಬಂದ ಫೋನೇ ಮೂಲ ಸಾಕ್ಷ್ಯ. ಗ್ರೂಪಿನಲ್ಲಿ ಮೆಸೇಜು ತಾನಾಗಿ ಮಾಯವಾಗುವ ಸೆಟ್ಟಿಂಗ್ ಇದ್ದರೆ 24 ಗಂಟೆ, 7 ದಿನ ಅಥವಾ 90 ದಿನದಲ್ಲಿ ಅದು ಹೋಗಿಬಿಡುತ್ತದೆ. ಸ್ಕ್ರೀನ್‌ಶಾಟನ್ನು ಕತ್ತರಿಸಿ ಮಾತನ್ನಷ್ಟೇ ಇಟ್ಟುಕೊಂಡರೆ ಯಾರು ಹಾಕಿದ್ದು, ಯಾವತ್ತು ಎಂಬುದೇ ಹೋಗುತ್ತದೆ. ಸ್ಕ್ರೀನ್ ರೆಕಾರ್ಡಿಂಗ್ ಹಚ್ಚಿ, ಗ್ರೂಪಿನ ಹೆಸರು, ಸದಸ್ಯರ ಸಂಖ್ಯೆ, ಕಳಿಸಿದವರ ಹೆಸರಿನ ಮೇಲೆ ಒತ್ತಿದರೆ ಬರುವ ಫೋನ್ ನಂಬರು, ದಿನಾಂಕ, ಹೊತ್ತು, ಹಿಂದಿನ ಮುಂದಿನ ಮೆಸೇಜುಗಳು ಎಲ್ಲ ಕಾಣುವಂತೆ ನಿಧಾನವಾಗಿ ಮೇಲಿಂದ ಕೆಳಗೆ ಎಳೆಯಿರಿ. ವಿಡಿಯೊದ ಮೂಲ ಲಿಂಕು ಪೂರ್ತಿ ಇರಲಿ. ಚಾನೆಲ್ಲಿನ ಹೆಸರು ನಾಳೆ ಬದಲಾಗಬಹುದು, ಆ ಒಂದು ವಿಡಿಯೊದ ವಿಳಾಸ ಬೇಕು. ಆ ಫೋನನ್ನು ರಿಸೆಟ್ ಮಾಡಬೇಡಿ, ಮಾರಬೇಡಿ.

ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಪ್ರಕಾರ ಎಲೆಕ್ಟ್ರಾನಿಕ್ ದಾಖಲೆಯ ಪ್ರತಿಯನ್ನು ಕೋರ್ಟಿಗೆ ಕೊಡುವಾಗ ಜೊತೆಗೆ ಪ್ರಮಾಣಪತ್ರ ಬೇಕು. ನಮೂನೆ ಕಾಯಿದೆಯ ಅನುಸೂಚಿಯಲ್ಲೇ ಇದೆ. ‘ಎ’ ಭಾಗವನ್ನು ಫೋನಿನವರು, ‘ಬಿ’ ಭಾಗವನ್ನು ತಜ್ಞರು ತುಂಬಬೇಕು. ಫೈಲಿನ ಹ್ಯಾಶ್ ಮೌಲ್ಯವನ್ನೂ, ಅಂದರೆ ಫೈಲಿಗೆ ಬೆರಳಚ್ಚಿನಂತಿರುವ ಸಂಕೇತವನ್ನೂ ಬರೆಯಬೇಕು. ಹಳೆಯ ಸಾಕ್ಷ್ಯ ಕಾಯಿದೆಯ 65ಬಿ ನಮೂನೆಯನ್ನೇ ತುಂಬಿ ಕೊಡುವವರು ಇನ್ನೂ ಇದ್ದಾರೆ. ಅದರಲ್ಲಿ ಹ್ಯಾಶ್ ಇಲ್ಲ, ಮುಂದೆ ತಕರಾರು ಬರುತ್ತದೆ.

ದೂರು ನಿಮ್ಮ ವ್ಯಾಪ್ತಿಯ ಠಾಣೆಯಲ್ಲೇ ಕೊಡಿ. ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧಗಳನ್ನು ನೋಡುವ ಶಿವಮೊಗ್ಗದ ಸಿಇಎನ್ ಠಾಣೆಗೇ ಹೋಗಬೇಕೆಂದಿಲ್ಲ, ತಾಂತ್ರಿಕ ನೆರವು ಬೇಕಾದರೆ ಪೊಲೀಸರೇ ಅವರನ್ನು ಸೇರಿಸಿಕೊಳ್ಳುತ್ತಾರೆ. ಪೊಲೀಸರ, ಕೋರ್ಟಿನ ಕಾರ್ಯವಿಧಾನ ಹೇಳುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಂ ಪ್ರಕಾರ ಯಾವ ಠಾಣೆಯಾದರೂ ವ್ಯಾಪ್ತಿಯ ನೆಪ ಹೇಳದೆ ಶೂನ್ಯ ಎಫ್‌ಐಆರ್ ದಾಖಲಿಸಬೇಕು. ಆನ್‌ಲೈನಿನಲ್ಲಿ ಕಳಿಸಿದರೆ ಮೂರು ದಿನದೊಳಗೆ ಹೋಗಿ ಸಹಿ ಹಾಕಬೇಕು. ಎಫ್‌ಐಆರ್ ಪ್ರತಿ ಉಚಿತ. ದೂರಿನಲ್ಲಿ ‘ಕೋಟ್ಯಂತರ ಭಕ್ತರ ಭಾವನೆಗೆ ಧಕ್ಕೆ’ ಎಂದು ಎರಡು ಪುಟ ಬರೆಯುವ ಬದಲು, ಬರೆದ ಮಾತನ್ನು ಅಕ್ಷರ ಬಿಡದೆ ಇದ್ದ ಹಾಗೇ ಎತ್ತಿ ಬರೆಯಿರಿ. ಕೊಂಕಣಿ, ಉರ್ದು, ಬ್ಯಾರಿ ಯಾವುದೇ ನುಡಿಯಲ್ಲಿದ್ದರೂ ಮೂಲದ ಕೆಳಗೆ ಕನ್ನಡ ಅರ್ಥ ಕೊಡಿ. ಯಾವಾಗ, ಯಾರು, ಎಲ್ಲಿ. ಹಿಂದೆಯೂ ಇಂಥದ್ದು ಹಾಕಿದ್ದರೇ. ತೆಗೆಯಿರಿ ಎಂದು ಹೇಳಿದರೂ ಹಾಗೇ ಬಿಟ್ಟರೇ. ಅದನ್ನು ಓದಿ ಯಾರಾದರೂ ಹೆದರಿ ಅಂಗಡಿ ಹಾಕುವುದಿಲ್ಲ ಎಂದರೇ. ದುರುದ್ದೇಶ ಸಾಬೀತಾಗುವುದು ಇಂಥ ಸಣ್ಣ ಸಂಗತಿಗಳಿಂದ. ವಿಡಿಯೊಗೂ ಸಾಲುಗಳಿಗೂ ಪ್ರತ್ಯೇಕ ಪ್ಯಾರಾ ಇರಲಿ. ಎರಡನ್ನೂ ಕಲಸಿದರೆ ತನಿಖೆ ಯುರೋಪಿನ ಕಡೆ ಮುಖಮಾಡಿ ಕೂರುತ್ತದೆ, ಪೇಟೆಯವರು ಪಾರಾಗುತ್ತಾರೆ.

ಅಂದೇ ಎಫ್‌ಐಆರ್ ಆಗದಿದ್ದರೆ ಠಾಣೆಯವರು ಪಕ್ಷಪಾತ ಮಾಡಿದರು ಎಂದುಕೊಳ್ಳಬೇಡಿ. ಮೂರರಿಂದ ಏಳು ವರ್ಷದೊಳಗಿನ ಶಿಕ್ಷೆಯ ಅಪರಾಧಗಳಲ್ಲಿ ಡಿವೈಎಸ್ಪಿ ಅನುಮತಿ ಪಡೆದು 14 ದಿನದೊಳಗೆ ಪ್ರಾಥಮಿಕ ವಿಚಾರಣೆ ಮಾಡಲು 173(3) ಬಿಡುತ್ತದೆ. ಮಾತಿನ ಅಪರಾಧಗಳಲ್ಲಿ ಹೀಗೆ ಮಾಡುವುದೇ ಸೂಕ್ತ ಎಂದು ಸುಪ್ರೀಂ ಕೋರ್ಟ್ 2025ರ ಮಾರ್ಚ್‌ನಲ್ಲಿ ಇಮ್ರಾನ್ ಪ್ರತಾಪ್‌ಗಢಿ ಪ್ರಕರಣದಲ್ಲಿ ಹೇಳಿದೆ. ನನ್ನ ಮಟ್ಟಿಗೆ ಇದು ಒಳ್ಳೆಯ ತೀರ್ಪು. 295ಎ ಕಲಮನ್ನು ಹಗೆ ಸಾಧಿಸಲು ಬಳಸಿದ ಉದಾಹರಣೆ ಎಲ್ಲ ಕಡೆಯಲ್ಲೂ ಇದೆ, ಜಾಮೀನುರಹಿತ ಕಲಂ ಬಿದ್ದರೆ ಕೇಸು ನಿಲ್ಲದಿದ್ದರೂ ಮನುಷ್ಯ ಒಳಗೆ ಹೋಗಿ ಬರುತ್ತಾನೆ. 14 ದಿನ ಕಳೆದರೂ ಏನೂ ಆಗದಿದ್ದರೆ, ಅಥವಾ ‘ಕ್ರಮ ಅಗತ್ಯವಿಲ್ಲ’ ಎಂದು ಹಿಂಬರಹ ಕೊಟ್ಟರೆ, ಎಸ್ಪಿ ಅವರಿಗೆ ಲಿಖಿತವಾಗಿ ಕೊಡಿ, ಅಲ್ಲೂ ಆಗದಿದ್ದರೆ ಜೆಎಂಎಫ್‌ಸಿ (ಮ್ಯಾಜಿಸ್ಟ್ರೇಟ್) ಕೋರ್ಟಿಗೆ ಹೋಗಿ. ಹಿಂಬರಹದ ಪ್ರತಿ, ಎಸ್ಪಿಗೆ ಕೊಟ್ಟದ್ದರ ಸ್ವೀಕೃತಿ ಎರಡೂ ಕೈಯಲ್ಲಿರಬೇಕು.

ಇನ್ನೊಂದು ಮುಖ್ಯ ತೊಡಕು ಪೂರ್ವಾನುಮತಿ. 196, 299ರಂಥ ಕಲಂಗಳಲ್ಲಿ ಪೊಲೀಸರು ತನಿಖೆ ಮಾಡಬಹುದು, ಆರೋಪಿಯನ್ನು ಹಿಡಿಯಬಹುದು. ಆದರೆ ನಾಗರಿಕ ಸುರಕ್ಷಾ ಸಂಹಿತೆಯ 217ನೇ ಕಲಂ ಪ್ರಕಾರ ಸರ್ಕಾರದ ಅನುಮತಿ ಇಲ್ಲದೆ ಕೋರ್ಟು ಪ್ರಕರಣವನ್ನು ವಿಚಾರಣೆಗೆ ತೆಗೆದುಕೊಳ್ಳುವಂತಿಲ್ಲ. ಮೂರು ವರ್ಷದವರೆಗಿನ ಶಿಕ್ಷೆಯ ಅಪರಾಧಗಳಿಗೆ ಮೂರು ವರ್ಷದ ಕಾಲಮಿತಿಯೂ ಇದೆ. ಅನುಮತಿ ಕೇಳಿದ ದಿನದಿಂದ ಅದು ಬರುವವರೆಗಿನ ಅವಧಿ ಈ ಲೆಕ್ಕಕ್ಕೆ ಸೇರುವುದಿಲ್ಲ, ಆದರೆ ಅನುಮತಿ ಕೇಳುವುದೇ ತಡವಾದರೆ ಎಷ್ಟೇ ಗಟ್ಟಿ ಕೇಸಾದರೂ ತಾಂತ್ರಿಕ ಕಾರಣಕ್ಕೆ ಬಿದ್ದುಹೋಗಬಹುದು. ಆರು ತಿಂಗಳಿಗೊಮ್ಮೆ ತನಿಖಾಧಿಕಾರಿಗೆ ಲಿಖಿತವಾಗಿ ಕೇಳಿ: ಅನುಮತಿಗೆ ಬರೆದಿರಾ, ಯಾವ ತಾರೀಖಿಗೆ, ಬಂತೇ.

ವಿಡಿಯೊ ಮಾಡಿದವರ ವಿಚಾರದಲ್ಲಿ, ಅವರು ಭಾರತದ ಪ್ರಜೆಯಾಗಿದ್ದರೆ ನ್ಯಾಯ ಸಂಹಿತೆ ಅವರು ಎಲ್ಲಿದ್ದರೂ ಅನ್ವಯಿಸುತ್ತದೆ. ಅಪರಾಧ ಪೂರ್ತಿಯಾಗಿ ಹೊರಗೆ ನಡೆದಿದ್ದರೆ ಇಲ್ಲಿ ವಿಚಾರಣೆಗೆ ಕೇಂದ್ರ ಸರ್ಕಾರದ ಅನುಮತಿ ಬೇಕು. ವಿದೇಶಿಯಾಗಿದ್ದರೆ ಹಸ್ತಾಂತರ ಕೇಳಬೇಕು, ಅದಕ್ಕೆ ಎರಡೂ ದೇಶಗಳಲ್ಲಿ ಅದು ಅಪರಾಧವಾಗಿರಬೇಕು. ಇಂಗ್ಲೆಂಡ್ 2008ರಲ್ಲೇ ಧರ್ಮನಿಂದನೆಯ ಅಪರಾಧವನ್ನು ರದ್ದು ಮಾಡಿದೆ. ಐರ್ಲೆಂಡಿನಲ್ಲಿ 2018ರ ಜನಮತಗಣನೆಯಿಂದ ಅದು ಸಂವಿಧಾನದಿಂದ ಹೋಯಿತು. ಆಸ್ಟ್ರಿಯಾ, ಜರ್ಮನಿ, ಪೋಲೆಂಡ್‌ಗಳಲ್ಲಿ ಬೇರೆ ಬೇರೆ ರೂಪದಲ್ಲಿ ಉಳಿದಿದೆ. ಹಾಗಾಗಿ ಆ ವ್ಯಕ್ತಿ ಇಲ್ಲಿನ ಕೋರ್ಟಿಗೆ ಬಂದು ನಿಲ್ಲುತ್ತಾರೆ ಎಂಬ ಆಸೆ ಇಟ್ಟುಕೊಳ್ಳಬೇಡಿ. ಆಗುವಂಥ ಕೆಲಸ ಅಂದರೆ ಆ ವಿಡಿಯೊ ಇಲ್ಲಿ ಕಾಣದಂತೆ ಮಾಡಿಸುವುದು. ಮೊದಲು ಆ ಜಾಲತಾಣದ ಭಾರತದ ಕುಂದುಕೊರತೆ ಅಧಿಕಾರಿಗೆ ಲಿಂಕಿನ ಸಮೇತ ದೂರು ಕೊಡಿ. ಅವರ ಉತ್ತರ ಒಪ್ಪಿಗೆಯಾಗದಿದ್ದರೆ 30 ದಿನದೊಳಗೆ ಕೇಂದ್ರದ ಮೇಲ್ಮನವಿ ಸಮಿತಿಗೆ ಆನ್‌ಲೈನಿನಲ್ಲೇ ಹೋಗಬಹುದು. ಸಾರ್ವಜನಿಕ ಸುವ್ಯವಸ್ಥೆಗೆ ಧಕ್ಕೆಯ ಆಧಾರ ಇದ್ದರೆ ಮಾಹಿತಿ ತಂತ್ರಜ್ಞಾನ ಕಾಯಿದೆಯ 69ಎ ಪ್ರಕಾರ ತಡೆಹಿಡಿಯುವಂತೆ ರಾಜ್ಯದ ನೋಡಲ್ ಅಧಿಕಾರಿಯ ಮೂಲಕ ಕೋರಬಹುದು. ಭಾವನೆ ನೋಯಿತು ಎಂಬುದು 69ಎಗೆ ಆಧಾರವಲ್ಲ, ಆ ಪದವೇ ಕಲಮಿನಲ್ಲಿ ಇಲ್ಲ. ಕೊಲ್ಲಿ ದೇಶಗಳಲ್ಲಿರುವ ನಿಮ್ಮೂರಿನ ಹುಡುಗರಿಗೆ ಒಂದು ಮಾತು ಹೇಳಿಡಿ: ಯುಎಇಯಲ್ಲಿ 2015ರಿಂದ ಧರ್ಮನಿಂದನೆಗೆ, ಧರ್ಮದ್ವೇಷದ ಪೋಸ್ಟಿಗೆ ಕಠಿಣ ಕಾನೂನಿದೆ. ಊರಿನ ಜಗಳದ ಸಿಟ್ಟಿನಲ್ಲಿ ಅಲ್ಲಿಂದ ಉತ್ತರ ಬರೆಯಲು ಹೋದರೆ ಕೆಲಸ ಹೋಗುವುದರ ಜೊತೆ ಜೈಲೂ ಆಗಬಹುದು.

ಬಾಂಗ್ಲಾದೇಶದ ಲೇಖಕಿಯೊಬ್ಬರ ಹೆಸರಿನಲ್ಲಿ ಪತ್ರಿಕೆಯೊಂದರಲ್ಲಿ ಪ್ರಕಟವಾದ ಒಂದು ಕನ್ನಡ ಅನುವಾದದಿಂದ 2010ರ ಮಾರ್ಚ್ 1ರಂದು ಶಿವಮೊಗ್ಗದಲ್ಲಿ, ಹಾಸನದಲ್ಲಿ ಗಲಭೆಯಾಗಿ ಕರ್ಫ್ಯೂ ಬಿತ್ತು, ಇಬ್ಬರ ಜೀವ ಹೋಯಿತು. ಆ ಪತ್ರಿಕೆಗೆ ತಾನು ಬರೆದೇ ಇಲ್ಲ ಎಂದು ಆಮೇಲೆ ಲೇಖಕಿ ಹೇಳಿದರು. ಮೂಲ ಮಾತು ಎಲ್ಲಿಯದೋ ಇರುತ್ತದೆ, ಪೆಟ್ಟು ತಿನ್ನುವವರು ಇಲ್ಲಿಯವರು. ಆದ್ದರಿಂದ ‘ನೋಡಿ ಹೇಗೆ ಅವಮಾನ ಮಾಡಿದ್ದಾರೆ’ ಎಂದು ಖಂಡಿಸಲಿಕ್ಕೂ ಆ ವಿಡಿಯೊವನ್ನು ಮುಂದಕ್ಕೆ ಕಳಿಸಬೇಡಿ. ಫಾರ್ವರ್ಡ್ ಮಾಡಿದವರೂ ಆ ಮಾತಿಗೆ ಹೊಣೆ ಎಂದು ಮದ್ರಾಸ್ ಹೈಕೋರ್ಟ್ 2023ರಲ್ಲಿ ಬೇರೊಂದು ಪೋಸ್ಟಿನ ಪ್ರಕರಣದಲ್ಲಿ ಹೇಳಿದೆ, ಸುಪ್ರೀಂ ಕೋರ್ಟ್ ಅದರಲ್ಲಿ ಕೈಹಾಕಲಿಲ್ಲ. ಗ್ರೂಪಿನ ಅಡ್ಮಿನ್ ಎಂಬ ಒಂದೇ ಕಾರಣಕ್ಕೆ ಇತರರ ಮೆಸೇಜಿಗೆ ಹೊಣೆಯಾಗುವುದಿಲ್ಲ ಎಂದು ಬಾಂಬೆ, ಕೇರಳ ಹೈಕೋರ್ಟುಗಳು ಹೇಳಿವೆ. ಅಡ್ಮಿನ್ ಅದನ್ನು ಎಲ್ಲರ ಫೋನಿಂದಲೂ ಅಳಿಸಬಹುದು, ಅಳಿಸಬೇಕು ಕೂಡ. ಆದರೆ ರೆಕಾರ್ಡಿಂಗ್ ಆದ ಮೇಲೆ.

ಜಾತ್ರೆಗೆ ಮುಂಚೆ ಠಾಣೆಯಲ್ಲಿ ನಡೆಯುವ ಶಾಂತಿ ಸಭೆಗೆ ಸಮಿತಿಯವರು ದೂರಿನ ಪ್ರತಿ ಹಿಡಿದೇ ಹೋಗಿ. ಅಂಗಡಿ ಸಾಲಿಗೆ, ಮೆರವಣಿಗೆಯ ದಾರಿಗೆ ಬಂದೋಬಸ್ತು ಕೊಡಿ ಎಂದು ಅಲ್ಲೇ ಲಿಖಿತ ಮನವಿ ಸಲ್ಲಿಸಿ ಮೊಹರು ಹಾಕಿಸಿಕೊಳ್ಳಿ. ಆ ದಿನ ಯಾರಾದರೂ ಅಂಗಡಿಯ ಮುಂದೆ ಗುಂಪುಗಟ್ಟಿದರೆ ದೂರು ಬರೆಯುತ್ತಾ ಕೂರದೆ 112ಕ್ಕೆ ಕರೆ ಮಾಡಿ.